ಮಾಳಿಗೆ ಹೋಯ್ತು, ಝಳ ಬಂತು

ಜರ್ಮನಿಯಲ್ಲಿ ಹಳೇ ಮನೆ ತಗೊಂಡ ಗೆಳೆಯನೊಬ್ಬ ಅದರ ನೆಲ ಅಗೆಸಿ, ಫೋಮ್ ಹಲಗೆ ಹಾಸಿ, ಮೇಲೆ ಬಿಸಿನೀರಿನ ಪೈಪ್ ಸುತ್ತಿಸಿ ಗಾರೆ ಹಾಕಿಸಿದ. ಪೈಪಿನ ಬಿಸಿ ಭೂಮಿಗೆ ಇಳಿದು ಹಾಳಾಗದಿರಲಿ ಅಂತ ಫೋಮ್. ಫೋಟೋ ನೋಡಿದ ದಾವಣಗೆರೆಯ ಇನ್ನೊಬ್ಬ, 'ನಾನೂ ನೆಲಕ್ಕೆ ಇನ್ಸುಲೇಶನ್ ಹಾಕಿಸ್ಲಾ?' ಅಂದ. ಬ್ಯಾಡಪ್ಪಾ. ಏಪ್ರಿಲಿನಲ್ಲಿ ನಮ್ಮ ಮನೆಗಳಲ್ಲಿ ತಂಪಾಗಿರೋದು ನೆಲ ಒಂದೇ. ಅದಕ್ಕೂ ಭೂಮಿಗೂ ಮಧ್ಯೆ ಫೋಮ್ ತುರುಕಿದರೆ ಆ ಸುಖವೂ ಹೋಯ್ತು. ನಮಗೆ ಬಿಸಿ ಬರೋದು ತಲೆ ಮೇಲಿಂದ.

ದಾವಣಗೆರೆ, ಹರಿಹರದ ಹಳೇ ಓಣಿಗಳಲ್ಲಿ ಮನೆ ರಿಪೇರಿ ಅಂದರೆ ಮಾಳಿಗೆ ಕಿತ್ತು ಮೋಲ್ಡ್ ಹಾಕಿಸೋದು. ಹರಿಹರದಲ್ಲಿ ನಮ್ಮ ಸೋದರಮಾವನೂ ಅದನ್ನೇ ಮಾಡಿಸಿದರು. ತೊಲೆ, ಜಂತೆ, ಅದರ ಮೇಲಿನ ಒಂದಡಿ ಮಣ್ಣು ಎಲ್ಲಾ ಟ್ರ್ಯಾಕ್ಟರ್ ಹತ್ತಿತು. ಬದಲಿಗೆ ಐದಿಂಚಿನ ಕಾಂಕ್ರೀಟು.

ಲೆಕ್ಕ ಹಾಕಿ ನೋಡಿ. ಒಂದಡಿ ಒಣಮಣ್ಣು ದಾಟೋಕೆ ಮಧ್ಯಾಹ್ನದ ಬಿಸಿಲಿಗೆ ಹೆಚ್ಚುಕಮ್ಮಿ ಒಂಬತ್ತು ಹತ್ತು ಗಂಟೆ ಬೇಕು, ಅಷ್ಟರಲ್ಲಿ ಅದರ ಕಸುವೇ ಹೋಗಿರುತ್ತೆ. ಕಾಂಕ್ರೀಟಿಗೆ ಮೂರು ಗಂಟೆ ಸಾಕು. ಒಂದು ಗಂಟೆಯ ಬಿಸಿಲು ನಾಲ್ಕಕ್ಕೆ ಒಳಗೆ ಬರುತ್ತೆ, ಅದೂ ಅರ್ಧದಷ್ಟು ಜೋರು ಉಳಿಸಿಕೊಂಡೇ. ಮಾವ ರಾತ್ರಿ ಹನ್ನೊಂದಾದರೂ ಗೋಡೆಗೆ ಒರಗೋಕಾಗದೆ ಕಟ್ಟೆ ಮೇಲೆ ಕೂತಿರ್ತಾರೆ. ಎಪ್ಪತ್ತರ ವಯಸ್ಸಿನಲ್ಲಿ ನಿದ್ದೆ ಕೆಡೋದು ಸಣ್ಣ ವಿಷಯ ಅಲ್ಲ.

ಹಾಗಂತ 'ಮಾಳಿಗೆ ಮನೆಯೇ ಸ್ವರ್ಗ' ಅಂತ ಬೆಂಗಳೂರಲ್ಲಿ ಕೂತು ಬರೆಯೋರ ಜೊತೆ ನಾನಿಲ್ಲ. ನಾನು ಬೆಳೆದದ್ದು ಅಂಥ ಮನೆಯಲ್ಲೇ. ವರ್ಷಾ ಮಳೆಗೆ ಮುಂಚೆ ಕರಲು ಮಣ್ಣು ತಂದು ಹಾಕಬೇಕು. ಹಾಕದಿದ್ದರೆ ಸೋರುತ್ತೆ, ಗೆದ್ದಲು ಹಿಡಿಯುತ್ತೆ, ಜಂತೆ ಸಂದಿಯಿಂದ ಚೇಳು ಬೀಳುತ್ತೆ. ಗವಾಕ್ಷಿ ಮುಚ್ಚಿದರೆ ಹಗಲಲ್ಲೂ ಕತ್ತಲೆ. ಮಾವ ಅದನ್ನ ಕಿತ್ತದ್ದು ತಪ್ಪಲ್ಲ. ತಪ್ಪು ಆಮೇಲಿನದು: ಮಾಳಿಗೆ ಮಾಡ್ತಿದ್ದ ಕೆಲಸವನ್ನ ಇನ್ನು ಯಾರು ಮಾಡಬೇಕು ಅಂತ ಕಂಟ್ರಾಕ್ಟರ್ ಯೋಚಿಸಲೇ ಇಲ್ಲ.

ಝಳ ತಡೆಯೋಕೆ ಆತ ಮಾರಿದ್ದು ಫಾಲ್ಸ್ ಸೀಲಿಂಗು. ಹೂಬಳ್ಳಿ ಡಿಸೈನು, ಒಳಗೆ ನೀಲಿ ಲೈಟು, ಮೇಲೆ ಅಲ್ಲಲ್ಲಿ ಒಂದಿಷ್ಟು ಥರ್ಮೋಕೋಲು. ಕೊಡೆಯನ್ನ ಅಂಗಿ ಒಳಗೆ ಹಿಡಿದ ಹಾಗೆ. ಕಾಂಕ್ರೀಟು ಬಿಸಿಲಲ್ಲಿ ಕಾಯೋದು ಕಾಯುತ್ತಲೇ ಇರುತ್ತೆ, ಹಿಗ್ಗಿ ಕುಗ್ಗಿ ಬಿರುಕೂ ಬಿಡುತ್ತೆ. ಸೂರು ಒಂದಡಿ ತಗ್ಗಿದ್ದೇ ಬಂತು.

ಅದೇ ಫೋಮ್ ಹಲಗೆ ಮೇಲ್ಗಡೆ, ತಾರಸಿ ಮೇಲೆ ಹೋಗಬೇಕಿತ್ತು. ಕೇಂದ್ರದ 'ಇಕೋ ನಿವಾಸ್ ಸಂಹಿತಾ' 2018ರಲ್ಲೇ ಹೇಳಿದೆ, ಮನೆಯ ಸೂರಿನ ಯು-ವ್ಯಾಲ್ಯೂ 1.2 ದಾಟಬಾರದು ಅಂತ. ಅಂದ್ರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಚದರ ಮೀಟರಿಗೆ ಇಷ್ಟು ವ್ಯಾಟಿಗಿಂತ ಜಾಸ್ತಿ ಬಿಸಿ ನುಗ್ಗಬಾರದು. ಬರೀ ಕಾಂಕ್ರೀಟಿನದು ಮೂರರ ಮೇಲೆ. ತಾರಸಿ ಮೇಲೆ ಎರಡಿಂಚಿನ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ಇಳಿಜಾರು ಗಾರೆ, ಬಿಳಿ ಟೈಲ್ಸ್ ಹಾಕಿಸಿದರೆ ಅರ್ಧದ ಹತ್ತಿರ ಇಳಿಯುತ್ತೆ. ತಮಾಷೆ ಏನಂದ್ರೆ, ನಮ್ಮ ಒಂದಡಿ ಮಾಳಿಗೆಯೂ ಈ ಪರೀಕ್ಷೆಯಲ್ಲಿ ಫೇಲು, ಒಂದೂವರೆ ಹತ್ತಿರ ಬರುತ್ತೆ. ಬಿಸಿ ಎಷ್ಟು ಹೊತ್ತು ತಡವಾಗಿ ಬರುತ್ತೆ ಅನ್ನೋದು ಆ ಅಂಕಿಯಲ್ಲಿ ಕಾಣೋದೇ ಇಲ್ಲ. ಸಂಹಿತೆ ಬರೆದವರ ಮೇಲೆ ನನ್ನ ತಕರಾರು ಇದು.

ದುಡ್ಡಿಲ್ಲ ಅಂದ್ರೆ ಸುಣ್ಣ ಇದೆ. ಅಹಮದಾಬಾದಿನಲ್ಲಿ 2017ರಲ್ಲಿ ಬಡವರ ಮನೆ ಸೂರುಗಳಿಗೆ ಸುಣ್ಣ ಬಳಿಸಿದ್ದು ಇದಕ್ಕೇ. ಫೆಬ್ರವರಿಯಲ್ಲಿ ಬಳಿದರೆ ಬೇಸಿಗೆ ಕಳೆಯುತ್ತೆ, ಮಳೆಗೆ ತೊಳೆದು ಹೋದರೆ ಮುಂದಿನ ವರ್ಷ ಮತ್ತೆ. ವರ್ಷಾ ಕರಲು ಮಣ್ಣು ಹೊತ್ತವರಿಗೆ ಇದು ಭಾರವೇ?

ಅತ್ತೆ ಮಾತ್ರ ಒಪ್ಪಿಲ್ಲ. 'ಸುಣ್ಣದ ಮೇಲೆ ಸಂಡಿಗೆ ಎಲ್ಲಿ ಒಣಗಿಸಲಿ?' ಅಂತಾರೆ. ಒಂದು ಮೂಲೆ ಬಿಟ್ಟು ಬಳಿಯೋಣ ಅಂತ ಮಾತಾಗಿದೆ. ಅಡುಗೆಮನೆ ಮೇಲಿನ ಮೂಲೆಯೋ, ದೇವರಮನೆ ಮೇಲಿನದೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.