ಮನಸ್ಸಿನ ಮೇಲಣ ಹತೋಟಿಯ ಅಳತೆಗೋಲು: ನಂಜನಗೂಡು–ತಿರುಮಕೂಡಲು ನರಸೀಪುರದ ತರುಣರನ್ನು ಕುರಿತು ಒಂದು ವಿಮರ್ಶೆ

ತಂದೆತಾಯಿಗಳು ಮಕ್ಕಳನ್ನು ಹತೋಟಿಯಲ್ಲಿಡುವ ಬಗೆ ಒಂದೇ ಅಲ್ಲ. ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಕಟ್ಟುಮಾಡುವುದು ಒಂದು. ಮಾತು ಮೀರಿದ ಮಗನೊಡನೆ ಮಾತು ಬಿಟ್ಟು, ಮಾಡಿದ ಉಪಕಾರವನ್ನು ಎತ್ತಿ ಆಡಿ, ಅವನ ಮನಸ್ಸನ್ನೇ ಕಟ್ಟಿಹಾಕುವುದು ಇನ್ನೊಂದು. ಈ ಭೇದವನ್ನು ಮಕ್ಕಳ ಹೇಳಿಕೆಯಿಂದಲೇ ಅಳೆಯಲು ಹೊರಟವರಲ್ಲಿ ಷೇಫರ್ (1965) ಮುಖ್ಯರು. 1996ರಲ್ಲಿ ಬಾರ್ಬರ್ ಅವರು ಎಂಟೇ ವಾಕ್ಯಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. 2010ರಲ್ಲಿ ಸೂನೆನ್ಸ್ ಮತ್ತು ಅವರ ಸಂಗಡಿಗರು, ಮಗುವನ್ನು ತಮ್ಮ ಮಡಿಲಿನಲ್ಲೇ ಉಳಿಸಿಕೊಳ್ಳುವ ಹತೋಟಿಯನ್ನೂ ಸಾಧನೆಗಾಗಿ ಹೂಡುವ ಹತೋಟಿಯನ್ನೂ ಬೇರ್ಪಡಿಸಿದರು. ಇವರ ಶ್ರಮ ಗೌರವಾರ್ಹವಾದುದು. ಆದರೆ ಈ ವಾಕ್ಯಗಳನ್ನು ಕನ್ನಡಿಸಿ ಕಪಿಲೆಯ ದಡದ ಕಾಲೇಜುಗಳಲ್ಲಿ ಹಂಚಿದರೆ ನಾವು ಅಳೆಯುವುದು ಏನನ್ನು?

ತೊಡಕು ಕ್ರಿಯಾಪದದಲ್ಲಿಯೇ ಮೊದಲಾಗುತ್ತದೆ. ಮನೆಯಲ್ಲಿ ‘ಅವ್ವ ಬೈದಳು’ ಎನ್ನುವ ಹುಡುಗನ ಕೈಗೆ ‘ನನ್ನ ತಾಯಿಯವರು ನನ್ನನ್ನು ಟೀಕಿಸುತ್ತಾರೆ’ ಎಂಬ ಹಾಳೆ ಬರುತ್ತದೆ. ಈ ಬಹುವಚನ ಬರಿಯ ವ್ಯಾಕರಣವಲ್ಲ. ತಾಯಿಯನ್ನು ಗೌರವದ ಪೀಠದಲ್ಲಿ ಕೂರಿಸಿ, ಅನಂತರ ಅವಳ ಮೇಲೆ ದೂರು ಹೇಳೆಂದು ಕೇಳಿದಂತಾಯಿತು. ಆತನು ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದರೆ ಅದು ಅನುಭವದ ಉತ್ತರವೋ ಸಂಕೋಚದ ಉತ್ತರವೋ ತಿಳಿಯುವ ಬಗೆ ಹೇಗೆ?

ಇದಕ್ಕಿಂತ ಗಹನವಾದುದು ‘ಹೊಟ್ಟೆಬಟ್ಟೆ ಕಟ್ಟಿ ಓದಿಸಿದೆ’ ಎಂಬ ಮಾತು. ಮಾಪನದ ಲೆಕ್ಕದಲ್ಲಿ ಇದು ತಪ್ಪಿತಸ್ಥ ಭಾವವನ್ನು ಹುಟ್ಟಿಸುವ ಉಪಾಯ. ಆದರೆ ನರಸೀಪುರದ ನಾಲೆಯ ಬಯಲಿನಲ್ಲಿ ನಾಟಿಯ ಕೂಲಿಗೆ ಹೋಗಿ ಮಗಳ ಶುಲ್ಕ ಕಟ್ಟಿದವಳ ಬಾಯಲ್ಲಿ ಅದು ಇದ್ದುದನ್ನು ಇದ್ದಂತೆ ಹೇಳಿದ ಮಾತು. ಅದೇ ಮಾತನ್ನು, ಮಗಳು ಒಲ್ಲದ ಗಂಡನ್ನು ಒಪ್ಪಿಸುವುದಕ್ಕಾಗಿ ಮೂರು ದಿನ ಉಣ್ಣದೆ ಮಲಗಿ ಆಡಿದರೆ, ಅದು ಹಗ್ಗ. ವಾಕ್ಯ ಒಂದೇ, ಅಂಕ ಒಂದೇ, ಅನುಭವ ಎರಡು. ಸತ್ಯವಾದ ತ್ಯಾಗವೇ ಅತ್ಯಂತ ಬಲವಾದ ಹಗ್ಗವಾಗಬಲ್ಲದೆಂಬುದನ್ನೂ ನಾವು ಮರೆಯಲಾಗದು. ಬಡತನವನ್ನು ಮುಂದಿಟ್ಟು ತಾಯಿಯನ್ನು ಕೂಡಲೇ ನಿರ್ದೋಷಿಯೆಂದು ಸಾರುವುದೂ ಮಗಳಿಗೆ ಮಾಡಿದ ಅನ್ಯಾಯವೇ. ನಮ್ಮ ಸಂಸ್ಕೃತಿಯಲ್ಲಿ ಇದು ಸಹಜವೆಂದು ಹೇಳಿ ಕೈತೊಳೆದುಕೊಳ್ಳುವ ಅಧ್ಯಾಪಕರನ್ನು ನಾವು ಒಪ್ಪೆವು. ಸಹಜವಾದುದು ನೋಯಿಸದೆಂದು ಯಾರು ಹೇಳಿದರು?

ಪ್ರಶ್ನಾವಳಿ ಕೇಳುವುದು ತಾಯಿಯನ್ನೂ ತಂದೆಯನ್ನೂ ಕುರಿತು ಮಾತ್ರ. ಇಲ್ಲಿಯೋ, ತಂದೆ ಮೌನವಾಗಿದ್ದು ಅಜ್ಜಿ ಅಳುತ್ತಾಳೆ, ಸೋದರಮಾವ ಬುದ್ಧಿ ಹೇಳಲು ಬರುತ್ತಾನೆ. ಇನ್ನು ವಯಸ್ಸಿನ ಮಾತು. ಬಾರ್ಬರ್ ಅವರ ವಾಕ್ಯಗಳು ಹದಿಹರೆಯದವರಿಗಾಗಿ ರಚಿತವಾದವು. ನಂಜನಗೂಡಿನಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಇಪ್ಪತ್ತರ ತರುಣಿಗೆ ‘ಯಾವ ಗಾಡಿಗೆ ಬರುತ್ತೀ?’ ಎಂದು ಕೇಳುವುದು ಕಾವಲು, ಅಷ್ಟೆ. ‘ನೀನು ಬೇರೆ ಜಾತಿಯವನನ್ನು ಮದುವೆಯಾದರೆ ನಾನು ಬದುಕಿರೆನು’ ಎಂಬುದು ಮಾತ್ರ ಆ ವಯಸ್ಸಿನ ನಿಜವಾದ ಪರೀಕ್ಷೆ. ಮದುವೆ, ಜಾತಿ, ಊರು ಬಿಟ್ಟು ಹೋಗುವ ಕೆಲಸ ಇವನ್ನು ಬಿಟ್ಟ ಪ್ರಶ್ನಾವಳಿಯಲ್ಲಿ ಆಕೆಗೆ ಕಡಮೆ ಅಂಕ ಬಂದರೆ, ಆಕೆಯ ಮನೆ ನೆಮ್ಮದಿಯ ಮನೆಯೆಂದು ನಾವು ಬರೆದುಕೊಳ್ಳುವೆವು!

ಅಳತೆಯನ್ನೇ ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಬಿನೆಯ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ 1940ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಭಾಷಾಂತರ ಮಾತ್ರದಿಂದ ಅವರು ತೃಪ್ತರಾಗಲಿಲ್ಲ. ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದರು. ಈಗಲೂ ಮೊದಲು ಆಗಬೇಕಾದುದು ತರುಣರ ಬಾಯಿಂದಲೇ ಮಾತುಗಳನ್ನು ಸಂಗ್ರಹಿಸುವ ಕೆಲಸ. ಮುನಿಸು, ಮಾತು ಬಿಡುವುದು, ಹಂಗಿಸುವುದು, ಆಣೆ ಹಾಕುವುದು ಇವು ಒಂದೊಂದೂ ಬೇರೆ ಬೇರೆ. ಮುನಿಸು ಸಂಜೆಗೆ ಕರಗುತ್ತದೆ. ಬಿಟ್ಟ ಮಾತು ವರುಷವಾದರೂ ಕೂಡದಿರಬಹುದು. ಹಾಳೆಯನ್ನು ಮನೆಗೆ ಕೊಟ್ಟು ಕಳುಹಿಸದೆ, ಹೆಸರು ಬರೆಸದೆ, ಕಾಲೇಜಿನಲ್ಲಿಯೇ ತುಂಬಿಸಬೇಕು. ಪ್ರತಿ ವಾಕ್ಯದ ಕೆಳಗೆ ಒಂದು ಗೆರೆಯಷ್ಟು ಜಾಗ ಬಿಟ್ಟು, ‘ಆಗ ನೀನು ಏನು ಮಾಡಿದೆ?’ ಎಂದು ಕೇಳಬೇಕು.