ಉಕ್ಕಿಗೆ ಅಂಟಿದ ಕರಿ ಪದರ

ಜಮಖಂಡಿ, ಮುಧೋಳ, ಬೀಳಗಿಯ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇಂಥ ಮಣ್ಣಿನಲ್ಲಿ ಹೂತ ಉಕ್ಕಿನ ಪೈಪಿನ ಹೊದಿಕೆಯನ್ನು ನೆಲವೇ ಹಿಡಿದು ಜಗ್ಗುತ್ತದೆ. ಆ ಜಗ್ಗಾಟವನ್ನು ವರ್ಷಗಟ್ಟಲೆ ತಾಳಿಕೊಳ್ಳುವ ಮೂರು ಪದರದ ಪಾಲಿಎಥಿಲೀನ್ ಲೇಪನ ನಾನು ತುಂಬ ಮೆಚ್ಚುವ ಕಸುಬು.

ಪಾಲಿಎಥಿಲೀನ್ ಸ್ವಭಾವತಃ ಉಕ್ಕಿಗೆ ಅಂಟದು. ಹಾಗಾಗಿ ಮೊದಲ ಕೆಲಸವೆಲ್ಲ ಉಕ್ಕಿನ ಮೈಮೇಲೆ. ಎಣ್ಣೆ, ಉಪ್ಪಿನ ಅಂಶ ತೊಳೆದು, ಉಕ್ಕಿನ ಸಣ್ಣ ಹರಳುಗಳನ್ನು ರಭಸದಿಂದ ಬಡಿದು ತುಕ್ಕು ಉದುರಿಸಿ, 50ರಿಂದ 100 ಮೈಕ್ರಾನ್ ಆಳದ ತರಿ ಎಬ್ಬಿಸುತ್ತಾರೆ. ರಬಕವಿ-ಬನಹಟ್ಟಿಯ ನೇಕಾರರು ಹಾಸಿನ ನೂಲಿಗೆ ಗಂಜಿ ಕೊಡುವಾಗಿನ ಜತನವೇ ಇಲ್ಲೂ ಬೇಕು.

ಬಳಿಕ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಪೈಪಿಗೆ ಎಪಾಕ್ಸಿ ಪುಡಿ ಸಿಂಪಡಿಸುತ್ತಾರೆ. ಅದು ಕರಗಿ ತರಿಗಳೊಳಗೆ ಇಳಿಯುತ್ತದೆ. ಪೂರ್ತಿ ಗಟ್ಟಿಯಾಗುವ ಮುನ್ನವೇ ಅಂಟಿನ ಪದರ ಬೀಳಬೇಕು. ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ಆ ಅಂಟೂ ಪಾಲಿಎಥಿಲೀನ್ ಜಾತಿಯದೇ, ಆದರೆ ಅದರ ಅಣುಗಳ ಸರಪಳಿಗೆ ಮೆಲೀಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿರುತ್ತಾರೆ. ಕಸಿಯ ಭಾಗ ಎಪಾಕ್ಸಿಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಉಳಿದ ಸರಪಳಿ, ಮೂರನೆಯ ಪದರವಾಗಿ ಮೇಲೆ ಸುತ್ತುವ ಕರಿ ಪಾಲಿಎಥಿಲೀನ್‌ನೊಂದಿಗೆ ಕರಗಿ ಒಂದಾಗುತ್ತದೆ. ತಡವಾದರೆ ಎಪಾಕ್ಸಿ ಗಟ್ಟಿಯಾಗಿಬಿಡುತ್ತದೆ, ಬೆಸುಗೆ ಸಡಿಲವಾಗುತ್ತದೆ.

ಪರೀಕ್ಷೆಯೂ ಚೆಂದ. ಹೊದಿಕೆಯ ಪಟ್ಟಿಯೊಂದನ್ನು ಕತ್ತರಿಸಿ ಎಳೆಯುತ್ತಾರೆ. ಒಳ್ಳೆಯ ಲೇಪನವಾದರೆ ನಡುವಿನ ಅಂಟೇ ಹರಿಯುತ್ತದೆ, ಎಪಾಕ್ಸಿ ಮಾತ್ರ ಉಕ್ಕನ್ನು ಬಿಡುವುದಿಲ್ಲ.