ಲಕ್ಷಣವೂ ನಾಮವೂ: ಒಂದು ಮತ್ಸ್ಯನಿರೂಪಣೆಯ ವಿಮರ್ಶೆ

೨೦೦೮ನೆಯ ಇಸವಿಯಲ್ಲಿ 'ಝೂಟ್ಯಾಕ್ಸಾ' ಪತ್ರಿಕೆಯಲ್ಲಿ ಥಾಮಸ್ ಮನ್ರೋ, ಜುನ್ ಹಾಶಿಮೋಟೊ ಎಂಬ ವಿದ್ವಾಂಸರು ಪಶ್ಚಿಮ ಶಾಂತಸಾಗರದ ಚಪ್ಪಟೆ ಮೀನೊಂದನ್ನು 'ಸಿಂಫ್ಯೂರಸ್ ಥರ್ಮೋಫಿಲಸ್' ಎಂಬ ಹೊಸ ಹೆಸರಿನಿಂದ ನಿರೂಪಿಸಿದರು. ಕನ್ನಡ ಕರಾವಳಿಯವರು 'ನಂಗ್' ಎಂದು ಕರೆಯುವ ಮೀನಿನ ಕುಟುಂಬಕ್ಕೇ ಇದೂ ಸೇರಿದುದು. ಎರಡು ಕಣ್ಣುಗಳೂ ಎಡಮಗ್ಗುಲಲ್ಲಿರುವುವು. ೨೩೯ರಿಂದ ೭೩೩ ಮೀಟರುಗಳ ಆಳದಲ್ಲಿ, ಸಾಗರಗರ್ಭದ ಬಿಸಿನೀರಿನ ಬುಗ್ಗೆಗಳ ಬಳಿಯಲ್ಲಿ ಇದರ ವಾಸ. ಇಂತಹ ಬುಗ್ಗೆಗಳಲ್ಲಿ ದೊರೆತ ಚಪ್ಪಟೆ ಮೀನುಗಳೊಳಗೆ ಇದೇ ಮೊದಲನೆಯದು.

ಮೀನಿನ ವಿಚಾರವು ಸಾಹಿತ್ಯಾಭ್ಯಾಸಿಗಳಿಗೇತಕ್ಕೆಂದು ಆಕ್ಷೇಪಿಸಬಹುದು. ಸಮಾಧಾನವೇನೆಂದರೆ, ಈ ಬಗೆಯ ಲೇಖವು ಶುದ್ಧವಾದ ಲಕ್ಷಣಗ್ರಂಥ. ಈಜುರೆಕ್ಕೆಯ ಕಡ್ಡಿಗಳು, ಬೆನ್ನೆಲುಬಿನ ಮಣಿಗಳು, ಹುರುಪೆಗಳು, ಬಣ್ಣ ಇವನ್ನು ಪರಿಶೀಲಿಸಿ, ಸಜಾತೀಯಗಳಿಂದ ಲಕ್ಷ್ಯವನ್ನು ಬೇರ್ಪಡಿಸುವುದೇ ಅದರ ಕಾರ್ಯ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಲ್ಲದುದೇ ಲಕ್ಷಣವೆಂದು ತಾರ್ಕಿಕರು ಹೇಳುವರಷ್ಟೆ. ಆ ಒರೆಗಲ್ಲಿಗೆ ಇದನ್ನೂ ಉಜ್ಜಿ ನೋಡುವುದು ಯುಕ್ತ.

ಮೊದಲು ಹೆಸರಿನ ವಿಚಾರ. ಗ್ರೀಕಿನಲ್ಲಿ 'ಥರ್ಮೆ' ಎಂದರೆ ಶಾಖ, 'ಫಿಲೋಸ್' ಎಂದರೆ ಪ್ರಿಯ; ಒಟ್ಟಿನಲ್ಲಿ 'ಉಷ್ಣಪ್ರಿಯ'ವೆಂದರ್ಥ. ಮೀನು ಬುಗ್ಗೆಯ ಬಳಿ ಇರುವುದು ಪ್ರತ್ಯಕ್ಷ. ಅದು ಬಂದುದು ಶಾಖವನ್ನರಸಿಯೋ ಆಹಾರವನ್ನರಸಿಯೋ ಎಂಬುದು ಬೇರೆ ಪ್ರಶ್ನೆ. ಸಾಹಚರ್ಯಮಾತ್ರದಿಂದ ಕಾರಣತ್ವವು ಸಿದ್ಧಿಸದು. ಆದರೂ ಹೆಸರು ದುಷ್ಟವಲ್ಲ. ದರ್ಭೆ ತರುವವನೆಂಬ ವ್ಯುತ್ಪತ್ತಿಯುಳ್ಳ 'ಕುಶಲ' ಶಬ್ದವು ನಿಪುಣನಲ್ಲಿ ರೂಢವಾದಂತೆ, ಇಲ್ಲಿಯೂ ಯೋಗಕ್ಕಿಂತ ರೂಢಿಯೇ ಬಲವತ್ತರ. ಹೆಸರು ವ್ಯವಹಾರಕ್ಕೆ, ಲಕ್ಷಣವು ನಿರ್ಣಯಕ್ಕೆ.

ಲಕ್ಷಣದ ಮಾತು ಅಷ್ಟು ಸುಲಭವಲ್ಲ. ೨೦೧೦ರಲ್ಲಿ ವೆರೆನಾ ಟನ್ನಿಕ್ಲಿಫ್ ಮೊದಲಾದವರು ಬುಗ್ಗೆಗಳ ಚಪ್ಪಟೆ ಮೀನುಗಳ ಡಿ.ಎನ್.ಎ. ಧಾತುವನ್ನು ಪರೀಕ್ಷಿಸಿ, ಬೇರೆಬೇರೆ ಅಗ್ನಿಪರ್ವತಶ್ರೇಣಿಗಳ ಮೀನುಗಳೊಳಗೆ ಬಲವಾದ ಭೇದವುಂಟೆಂದು ತೋರಿಸಿದರು. ಆಕಾರವನ್ನೇ ನಂಬಿದ ಲಕ್ಷಣವು ಎರಡು ಜಾತಿಗಳನ್ನು ಒಂದೆಂದು ಹಿಡಿದಿದ್ದರೆ, ಅದು ಅತಿವ್ಯಾಪ್ತಿಯೇ ಸರಿ.

ಇಷ್ಟರಿಂದ ಲೇಖವು ವ್ಯರ್ಥವಾಯಿತೆನ್ನಲಾಗದು. ನಾಮಕರಣದ ನಿಯಮದಂತೆ ಹೆಸರು ನಿಂತಿರುವುದು ವರ್ಣನೆಯ ವಾಕ್ಯದ ಮೇಲಲ್ಲ, ಸಂಗ್ರಹಾಲಯದಲ್ಲಿ ಕಾದಿರಿಸಿದ ಒಂದೇ ಮೂಲಮಾದರಿಯ ಮೇಲೆ. ಜಾತಿಯು ಮುಂದೆ ಎರಡಾಗಿ ಒಡೆದರೂ ಆ ಮಾದರಿಯು ಸೇರಿದ ಪಂಗಡಕ್ಕೆ ಹಳೆಯ ಹೆಸರು ಉಳಿಯುವುದು. ಮತ್ತೊಂದಕ್ಕೆ ಬೇರೆ ಹೆಸರು ಸಲ್ಲುವುದು. ಮೂಲದ ಓಲೆಯನ್ನು ಜೋಪಾನಮಾಡಿದ ಸಂಪಾದಕನ ಪಾಠನಿರ್ಣಯವು ತಪ್ಪಿದ್ದರೂ, ಮುಂದೆ ಬರುವವನು ಆ ಓಲೆಯನ್ನೇ ನೋಡಿ ತಿದ್ದಬಲ್ಲನು. ಓಲೆಯೇ ಇಲ್ಲದಿದ್ದರೆ ಉಳಿಯುವುದು ಬರಿಯ ವಾಗ್ವಾದ. ಆಧಾರಪ್ರತಿಯನ್ನು ಹೇಳದೆ ಪಾಠವನ್ನಷ್ಟೇ ಅಚ್ಚುಮಾಡುವವರು ಈ ಮತ್ಸ್ಯಶಾಸ್ತ್ರಜ್ಞರಿಂದ ಕಲಿಯತಕ್ಕ ಶಿಸ್ತು ಇದು.